ಉಚ್ಚಾರ ತಿದ್ದುತ್ತಿದ್ದ ನಟಿ

ನಾನಾಡುವ ಇಂಗ್ಲಿಷ್ ಕ್ಲೈಂಟ್‌ಗೆ ಅರ್ಥವಾಗುತ್ತಿಲ್ಲವೆಂದು ಮ್ಯಾನೇಜರ್ ನನ್ನನ್ನು ಉಚ್ಚಾರದ ಪಾಠಕ್ಕೆ ಹಾಕಿದ. ನ್ಯೂಯಾರ್ಕ್ ಹತ್ತಿರದ ಎಡಿಸನ್ನಿನ ಆಫೀಸುಗಳಲ್ಲಿ ನನ್ನಂಥ ಪ್ರೋಗ್ರಾಮರುಗಳು ತುಂಬಿದ್ದ ಕಾಲ. ಪಾಠ ಹೇಳುತ್ತಿದ್ದವರು ಪಕ್ಕದೂರು ಮೆಟುಚೆನ್ನಿನ ರೈಲ್ವೆ ಸ್ಟೇಷನ್ ಹತ್ತಿರ ಒಬ್ಬರೇ ಇದ್ದ, ಎಪ್ಪತ್ತರ ಆಸುಪಾಸಿನ ಬ್ರಿಟಿಷ್ ನಟಿ. ಲಂಡನ್ನಿನಲ್ಲಿ ಇಪ್ಪತ್ತು ವರ್ಷ ನಾಟಕ, ಆಮೇಲೆ ಸಿನಿಮಾ, ಆಮೇಲೆ ಅಮೆರಿಕದ ಟಿವಿಯಲ್ಲಿ ಸಿರಿವಂತ ಅತ್ತೆಯರ ಪಾತ್ರ. ಈಗ ಏನೂ ಇರಲಿಲ್ಲ.

ಅವರು ಕೂತು ಪಾಠ ಮಾಡಿದ್ದನ್ನು ನಾನು ನೋಡಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಲೇ ನನ್ನ 'ವ'ಕಾರ ತಿದ್ದುತ್ತಿದ್ದರು. ಫೋನ್ ಬಂದರೆ ಮಾತನ್ನು ಅರ್ಧಕ್ಕೇ ಬಿಟ್ಟು ಓಡುತ್ತಿದ್ದರು. ಪಾತ್ರ ಕೊಡಿಸುವ ಏಜೆಂಟ್ ಅಲ್ಲವೆಂದು ತಿಳಿದರೆ, ತೊಳೆದಿಟ್ಟ ಕಪ್ಪುಗಳನ್ನೇ ಮತ್ತೆ ತೊಳೆಯುತ್ತಿದ್ದರು. ಪ್ರಾಜೆಕ್ಟ್ ಮುಗಿದರೆ ವೀಸಾದ ಗತಿ ಏನೆಂದು ನನಗೂ ಒಳಗೊಳಗೇ ಅದೇ ಚಡಪಡಿಕೆ.

ಒಂದು ಶನಿವಾರ ಏಜೆಂಟೇ ಫೋನ್ ಮಾಡಿದ. ನ್ಯೂಯಾರ್ಕಿನಲ್ಲಿ ಒಂದು ಬ್ರಿಟಿಷ್ ನಾಟಕ, ಬಟ್ಟೆ ಗಿರಣಿಯ ಊರಿನ ಮುದುಕಿಯ ಪಾತ್ರ, ಗುರುವಾರ ಆಡಿಷನ್. ಫೋನಿಟ್ಟವರ ಮುಖ ಬಿಳಿಚಿಕೊಂಡಿತ್ತು.

"ನಾನು ಹುಟ್ಟಿದ್ದೇ ಅಂಥ ಊರಲ್ಲಿ. ಅಲ್ಲಿನ ಮಾತಿನ ಧಾಟಿ ಬಿಡಿಸೋಕೆ ನಾಟಕ ಶಾಲೆಯವರು ಎರಡು ವರ್ಷ ಒದ್ದಾಡಿದರು. ಈಗ ಬೇಕೆಂದರೂ ಬಾಯಿಗೆ ಬರೋದಿಲ್ಲ" ಎಂದು ಒಂದು ಸಾಲು ಆಡಿ ತೋರಿಸಿದರು. ನನ್ನ ಕಿವಿಗೂ ಅದು ಸುಳ್ಳೆನಿಸಿತು.

"ನಿಮ್ಮ ಮನೆಯವರಲ್ಲಿ ಹಾಗೆ ಮಾತಾಡುವವರು ಯಾರಾದರೂ ಇದ್ದಾರಾ?" ಎಂದೆ.

"ಅಕ್ಕ ಇದ್ದಾಳೆ. ಶೂಟಿಂಗ್ ಇತ್ತು ಅಂತ ಅಮ್ಮನ ಮಣ್ಣಿಗೆ ನಾನು ಹೋಗಲಿಲ್ಲ. ಅವತ್ತಿನಿಂದ ಮಾತು ಬಿಟ್ಟಿದ್ದಾಳೆ."

ಊರಿಗೆ ಮಾತಾಡಲೆಂದು ಇಟ್ಟುಕೊಂಡಿದ್ದ ಕಾಲಿಂಗ್ ಕಾರ್ಡನ್ನು ಅವರ ಮುಂದಿಟ್ಟೆ. ನಾಲ್ಕು ಸಲ ಕೋಣೆ ಸುತ್ತಿದರು. ಕೊನೆಗೆ ನಂಬರ್ ಒತ್ತಿ, ತಮ್ಮ ಹೆಸರು ಹೇಳಿದರು. ಆ ಕಡೆಯಿಂದ ಬೈಗುಳದ ಮಳೆ ಶುರುವಾಯಿತು. ಮಾತು ಅರ್ಥವಾಗದಿದ್ದರೂ ಬೈಗುಳವೆಂದು ಗೊತ್ತಾಗುತ್ತಿತ್ತು. ಇವರು ಮೊದಲು ತಮ್ಮ ಲಂಡನ್ ಇಂಗ್ಲಿಷಿನಲ್ಲೇ ಸಮಾಧಾನ ಹೇಳಿದರು. ಆಮೇಲೆ ತಾಳ್ಮೆ ಕೆಟ್ಟು, ಅಕ್ಕನದೇ ಧಾಟಿಯಲ್ಲಿ ತಿರುಗಿ ಬೈಯತೊಡಗಿದರು. ಕಾರ್ಡಿನ ದುಡ್ಡು ಮುಗಿದು ಲೈನ್ ಕಟ್ಟಾದಾಗ ಅವರ ಕಣ್ಣಲ್ಲಿ ನೀರಿತ್ತು. ನನ್ನತ್ತ ತಿರುಗಿ ಅದೇ ಧಾಟಿಯಲ್ಲಿ ಏನೋ ಹೇಳಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲ.

ಗುರುವಾರ ಆಡಿಷನ್‌ಗೆ ಜೊತೆಗೆ ಬಾ ಎಂದು ಕೇಳಿದ್ದರು. ನನ್ನ ರೂಮ್‌ಮೇಟ್ ಮೈಸೂರಿನವಳು, ರೇಗಿದಳು. "ತಲೆ ಕೆಟ್ಟಿದ್ಯೇನೇ ನಿಂಗೆ? ಕ್ಲೈಂಟ್‌ಗೆ ಡೆಮೋ ಇರೋ ದಿನಾನೇ ಸಿಕ್ ಲೀವ್ ಹಾಕ್ತೀಯಾ? ಇರೋ ಪ್ರಾಜೆಕ್ಟೂ ಹೋಗತ್ತೆ ನೋಡ್ತಿರು!"

ಹೋದೆ. ರೈಲಿನುದ್ದಕ್ಕೂ ಅವರು ನಿಂತೇ ಇದ್ದರು.

ಪಾತ್ರ ಸಿಕ್ಕಿತು. ಚಿಕ್ಕ ಥಿಯೇಟರ್, ಆರು ವಾರ. ಮೊದಲ ದಿನ ಅವರು ವೇದಿಕೆಯ ಮೇಲೆ ಮಗಳನ್ನು ಗದರಿಸಿದಾಗ ನನ್ನ ಪಕ್ಕದವರು ಉಸಿರು ಬಿಗಿಹಿಡಿದರು. ಅಕ್ಕ ಬರಲಿಲ್ಲ. ಆದರೆ ಭಾನುವಾರಗಳಂದು ಫೋನ್ ಮಾಡಿ ಜಗಳ ಮುಂದುವರಿಸುತ್ತಾಳೆ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು.

ನನ್ನ ಪಾಠ ಅರ್ಧಕ್ಕೇ ನಿಂತಿತು. ಚಳಿಗಾಲಕ್ಕೆ ಮುಂಚೆ ಪ್ರಾಜೆಕ್ಟೂ ಮುಗಿದು, ಇನ್ನೊಂದು ಪ್ರಾಜೆಕ್ಟಿಗೆಂದು ನಾನು ಟೆಕ್ಸಸ್‌ಗೆ ಹೊರಟೆ.