ಸಾರಿಸಿದ ಗೋಡೆ

ಸನವಳ್ಳಿಯ ಕಾಶೆವ್ವ ಹಾವಿಗೂ ಅಂಜಿದವಳಲ್ಲ, ಹಂದಿಗೂ ಅಂಜಿದವಳಲ್ಲ. ಚಳಿಜ್ವರದ ಹೆಸರೆತ್ತಿದರೆ ಮಾತ್ರ ಕೈಕಾಲು ಬಿಡುತ್ತಿದ್ದಳು. ಹೆತ್ತ ಎರಡು ಕೂಸುಗಳನ್ನು ಅದು ತಿಂದು ಹಾಕಿತ್ತು. ಈಗ ಸೊಸೆ ಶಿವವ್ವನಿಗೆ ಏಳು ತಿಂಗಳು. ತವರಲ್ಲಿ ಯಾರೂ ಇಲ್ಲದ್ದರಿಂದ ಹೆರಿಗೆ ಇಲ್ಲೇ ಆಗಬೇಕು.

ಐವತ್ತೊಂಬತ್ತನೇ ಇಸವಿಯ ಮಳೆಗಾಲಕ್ಕೆ ಮುಂಚೆ ಸರಕಾರದ ಡಿ.ಡಿ.ಟಿ. ಹೊಡೆಯುವವರು ಊರಿಗೆ ಬಂದರು. ಹಳಿಯಾಳದ ಸುಭಾನಿ ಪಂಪಿನಿಂದ ಒಳಗೋಡೆಗೆಲ್ಲ ಬಿಳಿ ಔಷಧ ಹೊಡೆದು, ಬಾಗಿಲ ಮೇಲೆ ತಾರೀಖು ಬರೆದ.

"ಈ ಗ್ವಾಡಿ ಮ್ಯಾಲೆ ಕುಂತ ಸೊಳ್ಳಿ ಸಾಯ್ತಾವು, ಯವ್ವಾ. ನಾವು ತಿರಿಗಿ ಬರೂತನಕ ಸಾರಸಬ್ಯಾಡ್ರಿ."

ಸೆಗಣಿ ಕಾಣದ ಗೋಡೆ ಎಂಥ ಗೋಡೆ? ಆದರೂ ಕಾಶೆವ್ವ ಹೂಂ ಅಂದಳು.

ನಾಲ್ಕನೆಯ ದಿನ ಮನೆಯ ಬೆಕ್ಕು ನಡುಗಿ ನಡುಗಿ ಸತ್ತಿತು. ಬೆಕ್ಕನ್ನು ಕೊಂದ ಔಷಧ ಹೊಟ್ಟೆಯೊಳಗಿನ ಕೂಸನ್ನು ಬಿಟ್ಟೀತೇ? ಸೊಸೆ ಬಾವಿಗೆ ಹೋದದ್ದೇ ತಡ, ಕಾಶೆವ್ವ ಕೆಮ್ಮಣ್ಣು ಸೆಗಣಿ ಕಲಸಿ ಅವಳು ಮಲಗುವ ಕೋಣೆಯನ್ನೆಲ್ಲ ಸಾರಿಸಿಬಿಟ್ಟಳು. ಬಾಗಿಲ ಮೇಲಿನ ತಾರೀಖನ್ನು ಮಾತ್ರ ಮುಟ್ಟಲಿಲ್ಲ. ಎಂಥ ಜಾಣೆ ನೋಡಿ! ಔಷಧ ಅಳಿಸಿದವರನ್ನು ಮುಂಡಗೋಡದ ಪೊಲೀಸರು ಹಿಡಿದೊಯ್ಯುತ್ತಾರೆಂದು ಯಾರೋ ಹೇಳಿದ್ದರು.

ಮಳೆ ಹಿಡಿದ ಹದಿನೈದು ದಿನಕ್ಕೆ ಶಿವವ್ವ ಮೂರು ಕಂಬಳಿ ಹೊದ್ದರೂ ಗಡಗಡ ನಡುಗತೊಡಗಿದಳು. ಮರುದಿನವೇ ಸುಭಾನಿ ಮನೆಮನೆಗೆ ಜ್ವರ ವಿಚಾರಿಸುತ್ತ ಅಂಗಳಕ್ಕೆ ಬಂದು ನಿಂತ.

"ಯಾರಿಗರೆ ಜ್ವರ ಅದಾವೇನ್ರಿ?"

"ಇಲ್ಲಪಾ." ಕಾಶೆವ್ವ ಹೊಸ್ತಿಲಲ್ಲೇ ನಿಂತು ಅಂದಳು.

ಸುಭಾನಿ ಬಾಗಿಲ ಮೇಲಿನ ತಾರೀಖು ನೋಡಿ, "ಚಲೋ ಆತು" ಎಂದು ಹೊರಟ. ಒಳಗಿನಿಂದ ಸೊಸೆಯ ಹಲ್ಲು ಕಟಕಟ ಅನ್ನುವುದು ಕಾಶೆವ್ವನಿಗೆ ಕೇಳಿಸಿತು. ಇದೇ ಸಪ್ಪಳವನ್ನು ಅವಳು ಹಿಂದೆ ಎರಡು ಸಲ ಕೇಳಿದ್ದಳು. ಕೆಸರಲ್ಲೇ ಓಡಿ ಸುಭಾನಿಯ ಅಂಗಿ ಹಿಡಿದಳು.

"ನಿಲ್ಲೋ ಯಪ್ಪಾ! ಗ್ವಾಡಿ ಸಾರಿಸಿದಾಕಿ ನಾನ. ನನ್ನ ಪೊಲೀಸರಿಗೆ ಹಿಡಕೊಡು, ನನ್ನ ಸೊಸೀನ್ನ ಉಳಸು."

"ಪೊಲೀಸರು ಯಾಕ ಬರ್ತಾರ ಯವ್ವಾ? ಮೊದಲ ಒಳಗ ನಡೀರಿ" ಎಂದ ಸುಭಾನಿ. ಸೊಸೆಯ ಬೆರಳಿಂದ ರಕ್ತ ತೆಗೆದ, ಗುಳಿಗೆ ನುಂಗಿಸಿದ. ಎರಡು ದಿನ ಬಿಟ್ಟು ಪಂಪು ತಂದು ಕೋಣೆಗೆ ಮತ್ತೆ ಔಷಧ ಹೊಡೆದ. ಸೊಸೆಯ ಜ್ವರ ಇಳಿದರೂ ಹೆರಿಗೆಯಾಗುವ ತನಕ ಕಾಶೆವ್ವ ಕೂಳು ನೆಟ್ಟಗೆ ಉಣ್ಣಲಿಲ್ಲ. ಗುಳಿಗೆಗೂ ಅಂಜಿದಳು, ಗೋಡೆಗೂ ಅಂಜಿದಳು.

ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮನೆ ಸಾರಿಸಿ ಕೊಡೋಣವೆಂದು ನೆರೆಮನೆಯ ಮಾಲವ್ವ ಸೆಗಣಿ ಬುಟ್ಟಿ ಹೊತ್ತು ಬಂದಳು. ಬಾಣಂತಿಯ ಕೋಣೆಯ ಗೋಡೆಗೆ ಅವಳು ಕೈ ಹಚ್ಚುವಷ್ಟರಲ್ಲಿ ಕಾಶೆವ್ವ ಚೀರುತ್ತ ಓಡಿಬಂದು ಅಡ್ಡ ನಿಂತಳು.

"ಮುಟ್ಟಬ್ಯಾಡ! ನಿನ್ನ ಕಾಲಿಗೆ ಬೀಳ್ತೇನಿ, ಮುಟ್ಟಬ್ಯಾಡ!"

ಮಾಲವ್ವ ಬುಟ್ಟಿ ಎತ್ತಿಕೊಂಡು ಹೋದ ಮೇಲೂ ಕಾಶೆವ್ವ ಕೈಚಾಚಿ ಗೋಡೆಗೆ ಒತ್ತಿಕೊಂಡೇ ನಿಂತಿದ್ದಳು. ಅವಳ ಸೀರೆಯ ಬೆನ್ನಿಗೆಲ್ಲ ಬಿಳಿ ಪುಡಿ ಹತ್ತಿತ್ತು.