ಅಸಲಿ ಮೇಡಂ ಹುಡುಕಿಕೊಟ್ಟ ದನಿ

ಅವರನ್ನು ಇಡೀ ಬೀದಿ ಕರೆಯುವುದು ಅಸಲಿ ಮೇಡಂ ಎಂದೇ. ಹೊಲಿಗೆ ಅಂಗಡಿಯ ಪಕ್ಕದಲ್ಲಿ, ಮೆಟ್ಟಿಲ ಕೆಳಗೆ, ಅವರ ಕಂಪ್ಯೂಟರ್ ರಿಪೇರಿ ಅಂಗಡಿ. ತಲೆ ತಗ್ಗಿಸದೆ ಒಳಗೆ ಹೋಗುವಂತಿಲ್ಲ. ಮೇಡಂ ಮುಂದೆ ಹೇಗೂ ತಗ್ಗಿಸಬೇಕು, ಬಾಗಿಲಲ್ಲೇ ಅಭ್ಯಾಸವಾಗಲಿ ಎಂದು ನಾವು ತಮಾಷೆ ಮಾಡುತ್ತೇವೆ. ಹಳೆಯ ಸಾಫ್ಟ್‌ವೇರ್ ಬೇಕೆಂದು ಯಾರೇ ಬರಲಿ, ಅದನ್ನು ಮಾಡಿದವರಿಂದಲೇ ತರಿಸಿ ಹಾಕುತ್ತಾರೆ, ಸಿಗದಿದ್ದರೆ ಇಲ್ಲ ಎನ್ನುತ್ತಾರೆ. ಎಲ್ಲೋ ಸಿಕ್ಕಿದ್ದನ್ನು ಹಾಕಿಕೊಡಿ ಎಂದವರಿಗೆ ಒಂದೇ ಉತ್ತರ: "ಬೀದೀಲಿ ಬಿದ್ದಿರೋ ಮಾತ್ರೆ ಎತ್ತಿ ನುಂಗ್ತೀರಾ?"

ಆ ಹಟದ ಬೆಲೆ ನನಗೆ ಗೊತ್ತಾದದ್ದು ನನ್ನ ಅಕ್ಕನ ಮನೆ ಮೌನವಾದಾಗ. ಭಾವ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಗೊತ್ತು ಹೇಳುತ್ತಿದ್ದವರು. ಗಂಟಲಿನ ಆಪರೇಷನ್ ಆದಮೇಲೆ ದನಿ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ, ಮೊದಲೇ ಅದನ್ನು ರೆಕಾರ್ಡ್ ಮಾಡಿಸಿಟ್ಟರು. ಆಮೇಲೆ ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರು ಅವರದೇ ದನಿಯಲ್ಲಿ ಹೇಳುತ್ತಿತ್ತು. ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಬರೆದು ತೋರಿಸುವಂತಿಲ್ಲ, ಕೈಸನ್ನೆ ಮಾಡುವಂತಿಲ್ಲ; ಅವರಿಬ್ಬರ ಸಂಸಾರ ನಿಂತಿದ್ದೇ ಆ ದನಿಯ ಮೇಲೆ.

ಒಂದು ದಿನ ಕಂಪ್ಯೂಟರು ಕೈಕೊಟ್ಟಿತು. ಹೊಸದು ತಂದೆವು. ಆದರೆ ಸಾಫ್ಟ್‌ವೇರಿನ ಹೊಸ ಆವೃತ್ತಿಗೆ ಭಾವನ ಹಳೆಯ ದನಿ ಹಿಡಿಸಲಿಲ್ಲ. ತನ್ನದೇ ಯಾವುದೋ ದನಿಯಲ್ಲಿ ಮಾತಾಡಿತು. "ಮನೇಲಿ ಪರಗಂಡಸು ಮಾತಾಡ್ದ ಹಾಗಿದೆ, ಮೊದ್ಲು ಅದನ್ನ ಆರಿಸಿ" ಅಂದಳು ಅಕ್ಕ. ಅಂದಿನಿಂದ ಅವಳು ಗಳಿಗೆಗೊಮ್ಮೆ "ಇದ್ದೀರಾ?" ಎಂದು ಕೇಳುವುದು, ಭಾವ ಮೇಜು ಕುಟ್ಟುವುದು.

ನಮ್ಮ ಯಜಮಾನರು ದೊಡ್ಡ ಶೂರರು. ಯಾವುದೋ ಜಾಲತಾಣದಿಂದ ಹಳೆಯ ಆವೃತ್ತಿಯನ್ನು ಇಳಿಸಿಕೊಂಡು, ಪರೀಕ್ಷೆಗೆಂದು ತಮ್ಮ ಲ್ಯಾಪ್‌ಟಾಪಿಗೇ ಹಾಕಿದರು. ಭಾವನ ದನಿ ಬರಲಿಲ್ಲ. ತೂಕ ಇಳಿಸುವ ಜಾಹೀರಾತುಗಳು ಬಂದವು, ಮುಚ್ಚಿದಷ್ಟೂ ಬಂದವು. ಕೊನೆಗೆ ಎಲ್ಲವನ್ನೂ ಹೊತ್ತುಕೊಂಡು ಅಸಲಿ ಮೇಡಂ ಬಳಿಗೆ ಹೋದೆವು.

ಮೇಡಂ ಮೊದಲು ಕೆಟ್ಟ ಕಂಪ್ಯೂಟರಿನಿಂದ ಭಾವನ ರೆಕಾರ್ಡಿಂಗುಗಳನ್ನು ಜೋಪಾನವಾಗಿ ಎತ್ತಿಟ್ಟರು. ಆಮೇಲೆ ಸಾಫ್ಟ್‌ವೇರ್ ಮಾಡಿದವರನ್ನು ಹುಡುಕಿದರು. ಆ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತ್ತು. ಅದರ ತಾಣದಲ್ಲಿ ಹಳೆಯ ಆವೃತ್ತಿಗಳ ಸುದ್ದಿಯೇ ಇರಲಿಲ್ಲ. ಮೇಡಂ ಬೆನ್ನು ಬಿಡದೆ ಬರೆದರು, ಭಾವ ಕೊಂಡಾಗಿನ ರಸೀದಿ ಕಳಿಸಿದರು. ಹಳೆಯ ಆವೃತ್ತಿಯ ಫೈಲು ನಮ್ಮಲ್ಲಿದೆ, ಕೊಡುತ್ತೇವೆ, ಆದರೆ ದನಿಯ ಒಡೆಯರೇ ಫೋನಿನಲ್ಲಿ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು ಎಂದು ಉತ್ತರ ಬಂತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಬಿಟ್ಟು ಹೇಳುವಂತಿದ್ದರೆ ಇವರ ಹಂಗು ನಮಗ್ಯಾಕೆ?

ನಮ್ಮ ಯಜಮಾನರು ತಾವೇ ಭಾವನೆಂದು ಹೇಳಿಕೊಂಡು ಮಾತಾಡಲು ಸಿದ್ಧರಾದರು. ಮೇಡಂ ಫೋನು ಕೊಡಲಿಲ್ಲ. "ಇನ್ಯಾರೋ ಇವರ ದನಿ ಕದೀಬಾರ್ದು ಅಂತ ತಾನೇ ಅವರು ಕೇಳ್ತಿರೋದು? ನಾವೇ ಮೊದಲ ಕಳ್ಳರಾಗೋದಾ?" ಎಂದು ಕೇಳಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಭಾವನ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಕೇಳುತ್ತ ಕೂತರು. ಹೆಚ್ಚಿನವೆಲ್ಲ ಕಂಪನಿ ಓದಿಸಿದ ತಲೆಬುಡವಿಲ್ಲದ ವಾಕ್ಯಗಳು. ಸಂಜೆಯ ಹೊತ್ತಿಗೆ ಒಂದನ್ನು ಕೇಳಿ ಹೆಡ್‌ಫೋನ್ ತೆಗೆದಿಟ್ಟರು.

ಮರುದಿನ ನಮ್ಮೆಲ್ಲರ ಎದುರಿಗೆ ಕಂಪನಿಗೆ ಫೋನು ಹಚ್ಚಿದರು. ಒಡೆಯರಿಗೆ ಮಾತು ಬರುವುದಿಲ್ಲ, ಪಕ್ಕದಲ್ಲೇ ಕೂತಿದ್ದಾರೆ, ನಾನು ಕೇಳಿಸುವುದು ಅವರ ಹಳೆಯ ರೆಕಾರ್ಡಿಂಗು, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಗುಂಡಿ ಒತ್ತಿದರು.

"ಇದು ನನ್ನ ದನಿ. ಮುಂದೆ ನಾನು ಮಾತಾಡಲಾರದಾಗ ನನಗಾಗಿ ಇದು ಮಾತಾಡಲಿ ಎಂದು ಒಪ್ಪಿ ಕೊಡುತ್ತಿದ್ದೇನೆ."

ಅದೇ ಬಸ್ ನಿಲ್ದಾಣದ ಠೀವಿ. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಫೋನಿನ ಆ ಕಡೆಯ ಹೆಂಗಸು, ಈಗಲೂ ಅವರಿಗೆ ಒಪ್ಪಿಗೆಯಿದ್ದರೆ ಮೇಜು ಕುಟ್ಟಲಿ ಅಂದಳು. ಭಾವ ಕುಟ್ಟಿದ ರಭಸಕ್ಕೆ ಸ್ಕ್ರೂಗಳ ಡಬ್ಬಿ ಕೆಳಗೆ ಬಿತ್ತು.

ಫೈಲು ಬಂತು. ಮೇಡಂ ತಕ್ಷಣ ಹಾಕಲಿಲ್ಲ. ಪ್ರತಿ ಫೈಲಿಗೂ ಬೆರಳಚ್ಚಿನ ಹಾಗೆ ಅಕ್ಷರ, ಅಂಕಿಗಳ ಒಂದು ಉದ್ದನೆಯ ಸಾಲು ಇರುತ್ತದಂತೆ. ಒಂದೇ ಒಂದು ಹೊಂದದಿದ್ದರೂ ಅದು ಅಸಲಿಯಲ್ಲ. ಮೇಡಂ ಹಿಂದೆ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನೋಡಬೇಕು ಎಂಬ ಅಲ್ಲಿನ ಪದ್ಧತಿಯನ್ನು ಇನ್ನೂ ಬಿಟ್ಟಿಲ್ಲ. ಕಂಪನಿ ಕಳಿಸಿದ ಸಾಲನ್ನು ಅವರು ಓದಿದರು. ಬಂದ ಫೈಲಿನಿಂದ ಕಂಪ್ಯೂಟರು ತೆಗೆದು ತೋರಿಸಿದ ಸಾಲಿನ ಮೇಲೆ ಭಾವ ಬೆರಳಿಟ್ಟು ನೋಡುತ್ತ, ಹೊಂದಿದ ಪ್ರತಿ ಅಕ್ಷರಕ್ಕೂ ಮೇಜು ಕುಟ್ಟಿದರು. ಇಂಥ ತಾಳ್ಮೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಎಲ್ಲವೂ ಹೊಂದಿತು. ಸಾಫ್ಟ್‌ವೇರ್ ಹಾಕಿ, ಕೀಬೋರ್ಡನ್ನು ಭಾವನ ಕಡೆ ಸರಿಸಿ, ಮೇಡಂ ನೆಲದಲ್ಲಿ ಕೂತು ಸ್ಕ್ರೂ ಹೆಕ್ಕತೊಡಗಿದರು. ಅಕ್ಕ ಎಂದಿನಂತೆ "ಇದ್ದೀರಾ?" ಅಂದಳು. ಭಾವ ಕುಟ್ಟಲು ಎತ್ತಿದ ಕೈ ಇಳಿಸಿ, ಟೈಪ್ ಮಾಡಿದರು.

"ಇದ್ದೀನಿ ಕಣೇ. ಇಲ್ಲೇ ಇದ್ದೀನಿ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಕುಟ್ಟಿ ಕುಟ್ಟಿ ತಲೆ ಚಿಟ್ಟು ಹಿಡಿಸಿದ್ರಿ," ಅಂದಳು. "ಇನ್ನೊಂದ್ಸಲ ಹೇಳಿ."