ಉಸಿರಿಗೆ ಜಾಗ

ಗರಗಸಕ್ಕೆ ಮರ ತಾಗಿದ ಕೂಡಲೇ ಸದ್ದು ಒಂದು ಮೆಟ್ಟಿಲು ಕೆಳಗಿಳಿಯುತ್ತದೆ. ಸೀಳಿ ಮುಗಿದಾಗ ಮತ್ತೆ ಮೇಲೇರುತ್ತದೆ. ಓಣಿಯ ಕೊನೆಯಲ್ಲಿರುವ ಮರದ ಮಿಲ್ಲಿನ ಈ ಏರಿಳಿತ ಬೆಳಗ್ಗೆ ಎಂಟಕ್ಕೆ ಶುರುವಾದರೆ ಊಟದ ಹೊತ್ತಿಗಷ್ಟೇ ನಿಲ್ಲುವುದು. ಮಿಲ್ಲಿನ ಗೋಡೆಗೆ ಆತುಕೊಂಡ ಎರಡು ಕೋಣೆಯ ಮನೆಯಲ್ಲಿ ಹುಟ್ಟಿದ ಹುಡುಗಿ ಮಾತು ಕಲಿಯುವ ಮೊದಲೇ ಅದರ ಜೊತೆ ಗುನುಗಲು ಕಲಿತಳು. ಮಿಲ್ಲಿನಲ್ಲಿ ದಿಮ್ಮಿಗಳ ಅಳತೆ ತೆಗೆಯುತ್ತಿದ್ದ ಅಪ್ಪ ಊಟಕ್ಕೆ ಬಂದವರೇ, "ಈಗ ಕೊಯ್ದದ್ದು ಗಟ್ಟಿ ಮರಾನೋ ಮೆದು ಮರಾನೋ?" ಎಂದು ಪರೀಕ್ಷೆ ಮಾಡುವರು. ಹತ್ತರಲ್ಲಿ ಎಂಟು ಸಲ ಸರಿಯಾಗಿ ಹೇಳುವಳು. ಮನೆಯಲ್ಲಿ ಅವಳ ಹೆಸರು ಗುನುಗಿ ಎಂದೇ ಆಯಿತು.

"ಊಟಕ್ಕೆ ಕೂತಾಗಲಾದ್ರೂ ಬಾಯಿಗೆ ಬೇರೆ ಕೆಲಸ ಕೊಡೇ," ಎಂದು ಅಮ್ಮ ಗದರಿದರೆ ಬಾಯಿ ಮುಚ್ಚಿಕೊಂಡು ಮೂಗಿನಲ್ಲೇ ಮುಂದುವರಿಸುವಳು.

ಬಾಯಿ ತೆರೆದು ಹಾಡು ಎಂದರೆ ಮಾತ್ರ ಗುನುಗಿ ಆಗುತ್ತಿರಲಿಲ್ಲ. ತನ್ನ ದನಿ ತನಗೇ ತಗಡು ತಟ್ಟಿದ ಹಾಗೆ ಕೇಳಿಸುತ್ತಿತ್ತು. ಇಪ್ಪತ್ತನೇ ವಯಸ್ಸಿಗೆ ಊರಿನ ಸಂಗೀತ ಶಾಲೆಯಲ್ಲಿ ಹಾಡುವುದಕ್ಕೆ ಸೇರದೆ ಸ್ವರ ಸಂಯೋಜನೆಗೆ ಸೇರಿದ್ದೂ ಅದಕ್ಕೇ. ತಲೆಗೆ ಬಂದ ರಾಗವನ್ನು ಐದು ಗೆರೆಯ ಹಾಳೆಯಲ್ಲಿ ಬರೆದಿಡುವುದು, ಯಾವ ವಾದ್ಯ ಎಲ್ಲಿ ಸೇರಬೇಕು, ಯಾವುದು ಎಲ್ಲಿ ಸುಮ್ಮನಿರಬೇಕು ಎಂದು ತೀರ್ಮಾನಿಸುವುದು, ಇಷ್ಟೇ ಕೆಲಸ ಅಂದುಕೊಂಡಿದ್ದಳು.

ಮೇಷ್ಟ್ರು ಮೊದಲ ದಿನವೇ ಅದನ್ನು ಸುಳ್ಳು ಮಾಡಿದರು. "ಬರೆಯೋ ಮುಂಚೆ ಹಾಡಬೇಕು. ಪಿಟೀಲಿಗೆ ಬರೀರಿ, ಕೊಳಲಿಗೆ ಬರೀರಿ, ಮೊದಲು ನಿಮ್ಮ ಗಂಟಲಲ್ಲಿ ಬರಬೇಕು. ಊದೋ ವಾದ್ಯ ಆದ್ರೆ, ನಿಮ್ಮ ಉಸಿರು ಎಲ್ಲಿ ಮುಗಿಯುತ್ತೋ ಅಲ್ಲಿ ಗೆರೆ ಮೇಲೆ ಒಂದು ಅಲ್ಪವಿರಾಮ ಹಾಕಿ. ಊದೋ ಮನುಷ್ಯ ಅಲ್ಲಿ ಉಸಿರು ತಗೋತಾನೆ. ಹಾಡೋಕೆ ನಾಚಿಕೆ ಪಡೋರು ಬ್ಯಾಂಕ್ ಪರೀಕ್ಷೆ ಕಟ್ಟಿ."

ಗುನುಗಿ ಬ್ಯಾಂಕ್ ಪರೀಕ್ಷೆ ಕಟ್ಟಲಿಲ್ಲ, ಹಾಡಲೂ ಇಲ್ಲ. ಮಧ್ಯಾಹ್ನ ತರಗತಿ ಖಾಲಿಯಾದಾಗ ಕೀಬೋರ್ಡಿನ ಮುಂದೆ ಕೂತು ಬರೆದಳು. ಕೀಲಿಯ ಮೇಲೆ ಬೆರಳಿಟ್ಟರೆ ಬೆರಳು ತೆಗೆಯುವ ತನಕ ಸ್ವರ ಉಳಿಯುತ್ತದೆ. ಕೊನೆಯ ವರ್ಷದ ಪರೀಕ್ಷೆಗೆ ಬರೆದ ಕೃತಿಯ ನಡುವೆ ಕೊಳಲಿಗೆಂದು ಒಂದು ಉದ್ದನೆಯ ಸಾಲಿತ್ತು. ಗಡಿಯಾರದ ಸೆಕೆಂಡಿನ ಮುಳ್ಳಿನಷ್ಟೇ ನಿಧಾನವಾದ ನಲವತ್ತೆಂಟು ಎಣಿಕೆ. ಎಲ್ಲೂ ಕಡಿಯದೆ ನೀರಿನ ಮೇಲೆ ಬೆಳಕು ಸರಿದ ಹಾಗೆ ಸರಿಯುವ ಆ ಸಾಲಿನ ಮೇಲೆ ಅವಳಿಗೆ ಮೋಹ.

"ಹಾಡಿ ನೋಡಿದ್ಯಾ?" ಮೇಷ್ಟ್ರು ಹಾಳೆ ತಿರುವುತ್ತಾ ಕೇಳಿದರು.

"ಹಾಡ್ದೆ ಸರ್."

"ಈ ಉದ್ದದ ಸಾಲು? ಒಂದೇ ಉಸಿರಲ್ಲಾ?"

"ಹ್ಞೂಂ ಸರ್."

ಮೇಷ್ಟ್ರು ಹುಬ್ಬೇರಿಸಿ, ಸಹಿ ಹಾಕಿದರು.

ವಿದ್ಯಾರ್ಥಿಗಳು ಬರೆದದ್ದನ್ನು ಶಾಲೆಯ ವಾದ್ಯವೃಂದ ನುಡಿಸುತ್ತಿತ್ತು. ಎಲ್ಲರೂ ಊರಿನವರೇ, ಬೇರೆ ಬೇರೆ ಕಸುಬಿನವರು. ಕೊಳಲು ಹಿಡಿಯುತ್ತಿದ್ದವರು ಕನ್ನಡಕದಂಗಡಿಯ ಮಾಮ, ಐವತ್ತೆಂಟರ ಮನುಷ್ಯ. ಗಾಜಿನ ಮೇಲೆ 'ಹಾ' ಎಂದು ಉಸಿರು ಬಿಟ್ಟು, ಒರೆಸಿ, ಬೆಳಕಿಗೆ ಹಿಡಿದು ನೋಡಿಯೇ ಗಿರಾಕಿಯ ಮೂಗಿಗೇರಿಸುವರು. ಇಪ್ಪತ್ತಾರು ವರ್ಷದಿಂದ ಭಾನುವಾರ ಬೆಳಗ್ಗೆ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ, ಕೊಳಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಶಾಲೆಗೆ ಬರುತ್ತಿದ್ದರು. ಪರೀಕ್ಷೆಯ ಕೃತಿಯನ್ನು ಬರೆದ ಹಾಗೇ ನುಡಿಸಬೇಕು, ಅಲ್ಪವಿರಾಮ ಇಲ್ಲದ ಕಡೆ ಉಸಿರೂ ತೆಗೆದುಕೊಳ್ಳಬಾರದು ಎಂಬುದು ಅಲ್ಲಿನ ಕಟ್ಟುನಿಟ್ಟು.

ಗುನುಗಿಯ ಕೃತಿ ಅಭ್ಯಾಸಕ್ಕೆ ಬಂದ ಭಾನುವಾರ ಮಾಮ ಆ ಉದ್ದದ ಸಾಲಿನಲ್ಲಿ ಮೊದಲ ಸಲ ಮೂವತ್ತನೇ ಎಣಿಕೆಗೆ ನಿಂತರು. ಎರಡನೇ ಸಲ ಇಪ್ಪತ್ತೆಂಟಕ್ಕೆ. ಮೂರನೇ ಸಲ ಮುಖ ಕೆಂಪಾಗಿ, ಕೊಳಲಿನಿಂದ ಬರೀ ಗಾಳಿ ಬಂತು.

"ಯಜಮಾನ್ರೇ," ಮೇಷ್ಟ್ರು ತಾಳ ತೋರಿಸುವ ಕೋಲು ಕೆಳಗಿಟ್ಟರು. "ಹುಡುಗಿ ಒಂದೇ ಉಸಿರಲ್ಲಿ ಹಾಡಿದ್ದಾಳೆ. ನಿಮಗೆ ಊದೋಕಾಗಲ್ವಾ?"

"ಇವತ್ತು ಬೆಳಗ್ಗೆ ತಿಂಡಿ ಜಾಸ್ತಿ ಆಗಿರ್ಬೇಕು," ಎಂದು ಪಿಟೀಲಿನವನು ಅಂದ. ಎಲ್ಲರೂ ನಕ್ಕರು. ಮಾಮನೂ ನಗಲು ನೋಡಿದರು. ಆಮೇಲೆ ಗುನುಗಿಯ ಕಡೆ ತಿರುಗಿ, "ನಿಂಗೆ ಬಂತಾ ಪುಟ್ಟಿ, ಒಂದೇ ಉಸಿರಲ್ಲಿ?" ಎಂದು ಕೇಳಿದರು. ಆ ಮಾತಿನಲ್ಲಿ ಅನುಮಾನವಿರಲಿಲ್ಲ. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳಿದ ಹಾಗಿತ್ತು.

ಅಷ್ಟು ಹೊತ್ತಿಗೆ ಗುನುಗಿಗೆ ಎಲ್ಲ ಅರ್ಥವಾಗಿತ್ತು. ಅವರು ಮೂರನೇ ಸಲ ಊದುವಾಗ ಅವಳೂ ತುಟಿಯೊಳಗೇ ಜೊತೆಗೆ ಗುನುಗಿದ್ದಳು. ಹದಿನೆಂಟಕ್ಕೇ ಎದೆ ಖಾಲಿಯಾಗಿತ್ತು. ಮುಂದಿದ್ದ ಹಾಳೆಯಲ್ಲಿ ಆ ಸಾಲಿನ ಮೇಲೆ ಒಂದೂ ಅಲ್ಪವಿರಾಮ ಇರಲಿಲ್ಲ.

ಅವಳು ತಲೆಯಾಡಿಸಿದಳು. ಬಂತು ಎಂದು.

ಸಾಲನ್ನು ನಡುವೆ ಕಡಿಯುವಂತಿಲ್ಲವಾದ್ದರಿಂದ ಮೇಷ್ಟ್ರು ವಾದ್ಯವನ್ನೇ ಬದಲಿಸಿ ಅದನ್ನು ಪಿಟೀಲಿಗೆ ಕೊಟ್ಟರು. ಕಮಾನು ಹೋಗಿ ಬಂದು ಮಾಡುತ್ತದೆ, ಅದಕ್ಕೆ ಉಸಿರು ಬೇಡ. ಪರೀಕ್ಷೆಯ ದಿನ ಸಾಲು ಸೊಗಸಾಗಿ ಬಂತು. ಗುನುಗಿ ತರಗತಿಗೇ ಮೊದಲಿಗಳಾದಳು. ಅದರ ಮುಂದಿನ ಭಾನುವಾರ ಮಾಮನ ಕುರ್ಚಿ ಖಾಲಿ ಇತ್ತು. ಉಸಿರು ಸಾಲುತ್ತಿಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಚೀಟಿ ಕಳಿಸಿದ್ದರು. ಮೇಷ್ಟ್ರು ಓದಿ, ಮಡಿಸಿ, ಜೇಬಿಗೆ ಹಾಕಿಕೊಂಡರು.

ಅಲ್ಲಿಂದ ಗುನುಗಿ ಕನ್ನಡಕದಂಗಡಿಯ ಬೀದಿಯನ್ನೇ ಬಿಟ್ಟಳು. ಬಸ್ ನಿಲ್ದಾಣದ ಕಡೆಯಿಂದ ಸುತ್ತು ಹಾಕಿಕೊಂಡು ಮನೆಗೆ ಬರುವಳು. ಆರು ತಿಂಗಳಾಯಿತು. ಮೇಷ್ಟ್ರು ಅವಳನ್ನು ಸಹಾಯಕಿಯಾಗಿ ಇಟ್ಟುಕೊಂಡರು. ಹೊಸ ಮಕ್ಕಳಿಗೆ, "ಈ ಅಕ್ಕನ್ನ ನೋಡಿ, ಹಾಡ್ಕೊಂಡು ಬರೀತಾಳೆ," ಎನ್ನುವರು. ಆ ಮಾತು ಬಂದಾಗಲೆಲ್ಲ ಅವಳು ಹಾಳೆಗಳ ಕಟ್ಟು ಜೋಡಿಸುವ ನೆಪದಲ್ಲಿ ಬೀರುವಿನ ಕಡೆ ತಿರುಗುವಳು. ಬರೆಯುವುದೂ ನಿಂತಿತು. ಎರಡು ಗೆರೆ ಬರೆದರೆ ಮೂರನೆಯದಕ್ಕೆ ಆ ಕೆಂಪು ಮುಖ ಬಂದು ಕೂರುವುದು.

ಒಂದು ದಿನ ಅಮ್ಮ ಕನ್ನಡಕದ ಗಾಜು ಬದಲಾಯಿಸಿಕೊಂಡು ಬಂದರು. "ಪಾಪ, ಆ ಮನುಷ್ಯನಿಗೆ ಏನಾಗಿದೆಯೋ. ಮೇಲಿನ ಕಪಾಟಿಗೆ ಸ್ಟೂಲು ಹತ್ತೋಕೂ ಹೆಂಡತೀನ ಕರೀತಾರೆ. ಎದೆ ಫೋಟೋ ತೆಗೆಸಿದ್ರಂತೆ, ಡಾಕ್ಟ್ರು ಏನೂ ಇಲ್ಲ ಅಂದ್ರಂತೆ. ಇಲ್ಲ, ನಂಗೇ ಗೊತ್ತು ನನ್ನ ಉಸಿರು, ಅಂತ ಕೂತಿದಾರೆ."

ಗುನುಗಿ ಲೋಟ ಕೆಳಗಿಟ್ಟಳು.

"ನಿನ್ನ ಮುಖ ಯಾಕೆ ಹಂಗಾಯ್ತು? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಂಗೆ."

ಮರುದಿನವೇ ಅಂಗಡಿಗೆ ಹೋದಳು. ನಿಜ ಹೇಳಲಾಗದೆ, ಕನ್ನಡಕ ಇಡುವ ಡಬ್ಬಿಯೊಂದನ್ನು ಕೊಂಡು ಬಂದು ಅಪ್ಪನಿಗೆ ಕೊಟ್ಟಳು. "ನನ್ನ ಹತ್ರ ಒಂದು ಇದೆಯಲ್ಲೇ," ಎಂದರು ಅಪ್ಪ. "ಇನ್ನೊಂದರಲ್ಲಿ ಏನಿಡ್ಲಿ, ಮೂಗಾ?"

ಆ ವಾರದ ಭಾನುವಾರ, ಅಭ್ಯಾಸಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ, ಪರೀಕ್ಷೆಯ ಹಾಳೆ ಹಿಡಿದು ಮತ್ತೆ ಹೋದಳು. ಭಾನುವಾರ ಬೆಳಗ್ಗೆ ಮಾಮ ಅಂಗಡಿಯಲ್ಲೇ ಇದ್ದರು. ಹಾಳೆಯನ್ನು ಗಾಜಿನ ಮೇಜಿನ ಮೇಲೆ ಹರಡಿ, "ಈ ಸಾಲು ನೋಡಿ ಮಾಮ," ಎಂದಳು.

ಮಾಮ ಕನ್ನಡಕ ಹಣೆಯಿಂದ ಇಳಿಸಿಕೊಂಡು, ಬೆರಳಿನಿಂದ ಮೇಜು ತಟ್ಟುತ್ತಾ ಎಣಿಸಿದರು. ಕೊನೆ ಮುಟ್ಟಿ ಮತ್ತೆ ಮೊದಲಿಂದ ಎಣಿಸಿದರು.

"ನಲವತ್ತೆಂಟು. ತಿಮಿಂಗಿಲಕ್ಕೆ ಬರೆದ್ಯಾ ಇದನ್ನ?"

"ನಾನು ಹಾಡಿರ್ಲೇ ಇಲ್ಲ ಮಾಮ. ಕೀಬೋರ್ಡಲ್ಲಿ ಬರೆದೆ. ಹಾಡಿದೀನಿ ಅಂತ ಸುಳ್ಳು ಹೇಳ್ದೆ."

"ಓ." ಅವರ ಮುಖ ಸಡಿಲಾಯಿತು. "ಕಲಿಯೋ ವಯಸ್ಸು. ಆಮೇಲೆ ಗೊತ್ತಾಯ್ತಾ?"

"ಅವತ್ತೇ ಗೊತ್ತಾಯ್ತು. ನೀವು ನನ್ನ ಕೇಳಿದ್ರಲ್ಲ, ಅದಕ್ಕೂ ಮುಂಚೆ."

ಮಾಮ ಕನ್ನಡಕ ತೆಗೆದು ಹಾಳೆಯ ಪಕ್ಕಕ್ಕಿಟ್ಟರು. ಹೊರಗೆ ಯಾರೋ ಸೈಕಲ್ ನಿಲ್ಲಿಸಿ, ಗಾಜಿನಲ್ಲಿ ತಲೆ ಬಾಚಿಕೊಂಡು ಹೋದರು.

"ಮೊಮ್ಮಗಳು ಬಂದಿದ್ಲು, ಎರಡು ತಿಂಗಳ ಕೆಳಗೆ," ಮಾಮ ನಿಧಾನವಾಗಿ ಹೇಳಿದರು. "ಎತ್ಕೋ ಅಂತ ಕೈ ಚಾಚಿದ್ಲು. ಎಲ್ಲಿ ಉಸಿರು ಕಟ್ಟಿ ಕೆಳಗೆ ಹಾಕ್ತೀನೋ ಅಂತ ಎತ್ಕೊಳ್ಳಲಿಲ್ಲ."

ಬೈದಿದ್ದರೆ ತಲೆ ತಗ್ಗಿಸಿ ನಿಲ್ಲಬಹುದಿತ್ತು. ಅವರು ಬೈಯಲಿಲ್ಲ. ಎದುರಿಗೆ ನೇತುಹಾಕಿದ್ದ ಕನ್ನಡಿಗಳಲ್ಲೆಲ್ಲ ತನ್ನ ಮುಖವೇ ಕಂಡು ಗುನುಗಿ ಕಣ್ಣನ್ನು ಹಾಳೆಗಿಳಿಸಿದಳು. ಕ್ಷಮಿಸಿ ಎಂಬ ಮಾತು ದಾರಿಯುದ್ದಕ್ಕೂ ಕಲಿತುಕೊಂಡು ಬಂದದ್ದು, ಇಲ್ಲಿ ಯಾವ ಅಳತೆಗೂ ಸಾಲದಾಯಿತು.

"ಅಳಬೇಡ," ಎಂದರು ಮಾಮ. "ಇದು ನಮ್ಮಿಬ್ಬರಲ್ಲೇ ಇರ್ಲಿ. ನಾನು ಬೇಕಾದ್ರೆ ಮುಂದಿನ ವಾರ ಬಂದು ಕೂತ್ಕೋತೀನಿ, ಮದ್ದು ಹಿಡೀತು ಅಂತೀನಿ. ಮೇಷ್ಟ್ರಿಗೆ ಗೊತ್ತಾದ್ರೆ ನಿನ್ನ ಕೆಲಸಕ್ಕೇ ಸಂಚಕಾರ. ಆ ಪಿಟೀಲಿನವನ ಬಾಯಿ ಬೇರೆ ನಿಂಗೆ ಗೊತ್ತಲ್ಲ, ಊರೆಲ್ಲ ಹೇಳ್ಕೊಂಡು ನಗ್ತಾನೆ. ನಂಗೇನು, ವಯಸ್ಸಾದೋನು, ನಾಲ್ಕು ಜನ ನಕ್ಕಿದ್ದು ಯಾವತ್ತೋ ಮರೆತುಹೋಯ್ತು. ನಿಂಗೆ ಹಾಗಲ್ಲ ಪುಟ್ಟಿ, ನೀನಿನ್ನೂ…" ಎಂದು ಅವರು ಹೇಳುತ್ತಿರುವಾಗಲೇ ಗುನುಗಿ ಹಾಳೆ ಎತ್ತಿಕೊಂಡು, ಬಾಗಿಲು ತಳ್ಳಿ, ಎಲ್ಲರೂ ಸೇರಿರುವ ಹೊತ್ತಿಗೆ ತಲುಪಬೇಕೆಂದು ಶಾಲೆಯ ಕಡೆ ಬಿರಬಿರನೆ ನಡೆದುಬಿಟ್ಟಳು.